ಕೆಂಪು ಶಾಯಿಯ ದಾರಿ

ಹಳೆಯ ಕಾಗದಪತ್ರಗಳ ಕಚೇರಿಯಲ್ಲಿ ಅವಳನ್ನು ಎಲ್ಲರೂ ಅಂಟಮ್ಮ ಎನ್ನುತ್ತಿದ್ದರು. ಹರಿದ ನಕ್ಷೆಗಳಿಗೆ ಹಿಂಬದಿಯಲ್ಲಿ ಬಟ್ಟೆ ಹಚ್ಚಿ ಉಳಿಸಿಕೊಡುವುದು ಅವಳ ಕೆಲಸ. ಅಪ್ಪ ಪುಸ್ತಕಕ್ಕೆ ರಟ್ಟು ಕಟ್ಟುತ್ತಿದ್ದ. ಅಂಟು ಕಾಯಿಸುವುದನ್ನು ಅವನ ಕೈಕೆಳಗೇ ಕಲಿತಿದ್ದಳು. ಬೆರಳ ಸಂದಿಯಲ್ಲಿ ಸದಾ ಅಂಟು. ಕೈ ಕೆಸರಾದರೆ ಬಾಯಿ ಮೊಸರು ಎಂದು ಯಾರಾದರೂ ರೇಗಿಸಿದರೆ, "ಮೊಸರೆಲ್ಲ ನಿಮಗೆ, ಕೆಸರು ಮಾತ್ರ ನಂಗೆ" ಎನ್ನುತ್ತಿದ್ದಳು. ಇನ್ನೊಬ್ಬರಾಗಿದ್ದರೆ ಆ ಹೆಸರಿಗೇ ಜಗಳಕ್ಕೆ ನಿಲ್ಲುತ್ತಿದ್ದರು.

ಕೆಲಸ ಬಿಡುವ ವಯಸ್ಸು ಹತ್ತಿರವಾಗಿದ್ದಾಗ ಅವಳ ಮೇಜಿಗೆ ಒಂದು ದಂಡಿನ ನಕ್ಷೆ ಬಂತು. ಪರದೇಶದವರು ಆಳುತ್ತಿದ್ದ ಕಾಲದ್ದು. ಕುದುರೆಯ ಜೀನಿನ ಚೀಲದಲ್ಲಿ ಮಡಚಿಡಲೆಂದು ಹಾಳೆಯನ್ನು ತುಂಡು ಮಾಡಿ, ನಡುವೆ ಸಂದು ಬಿಟ್ಟು ಬಟ್ಟೆಗೆ ಅಂಟಿಸಿದ್ದರು. ಯಾವ ಹಳ್ಳದಲ್ಲಿ ನೀರುಂಟು, ಯಾವ ಸೇತುವೆ ಫಿರಂಗಿಯ ಭಾರ ತಡೆಯುತ್ತದೆ, ಎಲ್ಲ ಬರೆದಿತ್ತು. ಅಲ್ಲಿ ಬದುಕಿದ್ದ ಜನರ ಬಗ್ಗೆ ಒಂದಕ್ಷರ ಇರಲಿಲ್ಲ. ಅವರ ಗೊಡವೆ ದಂಡಿಗೇಕೆ? ಕಂದು ಕಲೆ ಹಿಡಿದ ಒಂದು ತುಂಡಿನಲ್ಲಿ ಒಂಟೆಯ ಡುಬ್ಬದಂಥ ಗುಡ್ಡ, ಅದರ ಬುಡದಲ್ಲಿ ಕೂಡುವ ಎರಡು ತೊರೆ ಕಂಡವು. ಚಿಕ್ಕಂದಿನಿಂದ ಅಮ್ಮನ ಬಾಯಲ್ಲಿ ಕೇಳಿದ್ದ ಗುರುತುಗಳವು. ಅದು ಅಮ್ಮ ಹುಟ್ಟಿದ ಊರು.

ಆ ಊರು ಈಗಿಲ್ಲ. ಅಮ್ಮ ಚಿಕ್ಕವಳಿದ್ದಾಗ ದಂಡು ಬಂದು ಸುಟ್ಟುಹಾಕಿತ್ತು. ಸೈನಿಕರು ದೊಡ್ಡ ರಸ್ತೆ ಬಿಟ್ಟು, ಊರಿನವರಿಗೆ ಮಾತ್ರ ಗೊತ್ತಿದ್ದ ಕೊರಕಲಿನ ದಾರಿಯಲ್ಲಿ ಬಂದಿದ್ದರು. ದಾರಿ ತೋರಿಸಿದವನು ತನ್ನ ತಮ್ಮನೇ ಎಂದು ಅಜ್ಜ, ಅಮ್ಮನ ಅಪ್ಪ, ನಂಬಿದ. ಬೆನ್ನಿಗೆ ಬಿದ್ದ ತಮ್ಮನ ಮುಖವನ್ನು ಸಾಯುವವರೆಗೂ ನೋಡಲಿಲ್ಲ. ಆ ತಮ್ಮನ ಮಗಳು ಇದೇ ಪಟ್ಟಣದಲ್ಲಿ, ಮಾರುಕಟ್ಟೆಯ ಆಚೆಗಿದ್ದರೂ ಎರಡು ಮನೆಗೂ ಮಾತಿಲ್ಲ ಕತೆಯಿಲ್ಲ.

ಅಮ್ಮನ ಕಣ್ಣಿಗೆ ದಿನೇದಿನೇ ಮಂಜು ಕವಿಯುತ್ತಿತ್ತು. ಪೂರ್ತಿ ಕವಿಯುವ ಮೊದಲು ಅವಳಿಗೆ ಅವಳ ಮನೆಯನ್ನು ನಕ್ಷೆಯಲ್ಲಾದರೂ ತೋರಿಸಬೇಕು. ಅಂಟಮ್ಮನಿಗೆ ಬೇರೇನೂ ಬೇಡವಾಗಿತ್ತು. ತೋರಿಸುತ್ತೇನೆಂದು ಅಮ್ಮನಿಗೆ ಮಾತು ಕೊಟ್ಟು, ಅವಳನ್ನು ಕರೆತರಲು ಮೇಲಧಿಕಾರಿಯ ಒಪ್ಪಿಗೆಯನ್ನೂ ಪಡೆದಳು. ತುಂಡನ್ನು ಬೆಳಕಿಗೆ ಹಿಡಿದರೆ ಕಲೆಯಡಿ ಕೆಂಪು ಗೆರೆಗಳು ಕಾಣುತ್ತಿದ್ದವು: ಮನೆಗಳ ಚೌಕಗಳು, ಅವುಗಳತ್ತ ಬರುವ ಒಂದು ದಾರಿ.

ಕಲೆ ಹೋಗಬೇಕಾದರೆ ನೀರಲ್ಲಿ ತೇಲಿಬಿಡಬೇಕು. ಬಣ್ಣವನ್ನು ಒದ್ದೆ ಹತ್ತಿಯಿಂದ ಒತ್ತಿ ನೋಡದೆ ನೀರಿಗಿಳಿಸಬಾರದು ಎಂಬುದು ಹೊಸಬರಿಗೆ ಅವಳೇ ಹೇಳಿಕೊಡುತ್ತಿದ್ದ ಮೊದಲ ಪಾಠ. ಒತ್ತಿ ನೋಡಿದಳು. ಮೂಲೆಯಲ್ಲಿದ್ದ ದೊಡ್ಡ ರಸ್ತೆಯ ಕೆಂಪು ಬಿಡಲಿಲ್ಲ. ಕೆಂಪೆಲ್ಲ ಒಂದೇ ಎಂದುಕೊಂಡಳು. ಆತುರಗಾರನಿಗೆ ಬುದ್ಧಿ ಮಟ್ಟ. ರಸ್ತೆಯ ಕೆಂಪು ಅಚ್ಚಿನದು. ಮನೆಗಳ, ಅವುಗಳತ್ತ ಬರುವ ದಾರಿಯ ಕೆಂಪು ಯಾರೋ ದಂಡಿನವನು ಆಮೇಲೆ ಲೇಖನಿಯಿಂದ ಗೀಚಿದ್ದು. ತಟ್ಟೆಯ ನೀರು ನಸುಗೆಂಪಾದಾಗ ಅವಳು ತಟ್ಟನೆ ತುಂಡಿಗೆ ಕೈಹಾಕಿದಳು. ಎತ್ತುವಷ್ಟರಲ್ಲಿ ಕಲೆಯೂ ಹೋಗಿತ್ತು, ಮನೆಗಳೂ ದಾರಿಯೂ ಹೋಗಿದ್ದವು.

"ಮೇಲೊಂದು ಗೀಟು ಎಳೆದುಬಿಡಿ ಅಂಟಮ್ಮ, ಯಾರಿಗೆ ಗೊತ್ತಾಗುತ್ತೆ?" ಎಂದ ಪಕ್ಕದ ಮೇಜಿನವನು.

"ನಂಗೆ ಗೊತ್ತಾಗುತ್ತಲ್ಲ."

ತಾನೇ ಹೋಗಿ ಮೇಲಧಿಕಾರಿಗೆ ಹೇಳಿ ಬೈಸಿಕೊಂಡಳು. ಆ ಬೈಗುಳ ಅವಳ ಕಿವಿಗೆ ಬಿದ್ದಿತೋ ಇಲ್ಲವೋ. ಅಮ್ಮನಿಗೆ ಯಾವ ಮುಖ ತೋರಿಸಲಿ ಎಂಬುದೊಂದೇ ಅವಳನ್ನು ಕೊರೆಯುತ್ತಿತ್ತು.

ಕೊಟ್ಟ ಮಾತಿಗೆ ತಪ್ಪದೆ ಅಮ್ಮನನ್ನು ಕರೆತಂದು ಕಿಟಕಿಯ ಪಕ್ಕ ಕೂರಿಸಿದಳು. ಅಮ್ಮ ನಕ್ಷೆಯ ಮೇಲೆ ಮುಖವಿಟ್ಟು ಹುಡುಕಿದಳು.

"ನಮ್ಮ ಮನೆ ಎಲ್ಲೇ?"

"ಅಳಿಸಿಹೋಯ್ತಮ್ಮ. ನನ್ನ ಕೈಯಿಂದಾನೇ." ಅಂಟಮ್ಮ ಅತ್ತುಬಿಟ್ಟಳು.

ಅಮ್ಮ ಸಮಾಧಾನದ ಮಾತಾಡಲಿಲ್ಲ. "ಎಲ್ಲಿತ್ತು ಅಂತ ಕೈ ಹಿಡಿದು ತೋರ್ಸು" ಎಂದಳು.

ಶಾಯಿ ಹೋಗಿದ್ದರೂ ಲೇಖನಿಯ ಮೊನೆ ಕೊರೆದ ಗೀರು ಕಾಗದದಲ್ಲಿ ಉಳಿದಿತ್ತು. ಅಮ್ಮನ ಬೆರಳು ಗುಡ್ಡದ ಬಗಲಿನಿಂದ ಗೀರು ಹಿಡಿದು ಸಾಗಿತು, ತೊರೆಯ ಪಕ್ಕ ಬಾಗಿತು, ಅಲ್ಲೇ ನಿಂತಿತು.

"ಇದು ಕೊರಕಲಿನ ದಾರಿ. ಯಾರು ಬರೆದಿದ್ದು ಇದನ್ನ?"

"ದಂಡಿನವರು."

"ಊರು ಸುಟ್ಟ ಮೇಲಾ?"

"ಮನೆಗಳನ್ನೂ ಬರೆದಿದ್ರಮ್ಮ. ಸುಟ್ಟ ಮೇಲೆ ಬರೆಯೋಕೆ ಏನಿತ್ತು?"

ಅಮ್ಮ ಗೀರಿನ ಮೇಲೆ ಮತ್ತೆ ಮೊದಲಿನಿಂದ ಬೆರಳು ಎಳೆದಳು. ಆಮೇಲೆ ಮೆಲ್ಲಗೆ ಹೇಳಿದಳು: "ಅದರ ಹಿಂದಿನ ಬೇಸಿಗೇಲಿ ಅಳತೆಯವನೊಬ್ಬ ಬಂದಿದ್ದ, ಸರಪಳಿ ಹಿಡ್ಕೊಂಡು. ನಮ್ಮನೇಲೇ ಉಂಡು ಮಲಗಿದ್ದ. ಕೊರಕಲು ಪೂರ್ತಿ ಅಳೆದ."

"ಒಬ್ಬನೇ ಹೇಗಮ್ಮ ಅಳೀತಾನೆ?"

"ಸರಪಳಿಯ ಇನ್ನೊಂದು ತುದಿ ಹಿಡಿದಿದ್ದು ನಮ್ಮಪ್ಪ. ದೊಡ್ಡವರ ಕೆಲಸಕ್ಕೆ ನನ್ನನ್ನೇ ಕರೆದ್ರು ಅಂತ ಊರೆಲ್ಲ ಹೇಳ್ಕೊಂಡು ತಿರುಗಿದ್ದ." ಅಮ್ಮ ಗೀರಿನಿಂದ ಬೆರಳು ತೆಗೆದಳು. "ಚಿಕ್ಕಪ್ಪ ಎಷ್ಟು ಸಲ ಬಾಗಿಲಿಗೆ ಬಂದು ನಿಂತ ಗೊತ್ತಾ? ಅಪ್ಪ ತೆಗೀಲೇ ಇಲ್ಲ."

ಕಣ್ಣೊರೆಸಿಕೊಂಡು ಅಮ್ಮ ಮೇಜು ಹಿಡಿದು ಎದ್ದಳು.

"ಮಾರುಕಟ್ಟೆ ಆಚೆ ತಂಗಿ ಇದ್ದಾಳಲ್ಲ, ನಡಿ ಹೋಗೋಣ."

"ಇವತ್ತೇನಾ?"

"ಇಷ್ಟು ವರ್ಷ ತಡ ಆಗಿದ್ದು ಸಾಲ್ದಾ? ಅವಳ ಮನೆ ದಾರಿ ನಂಗೆ ಗೊತ್ತಿಲ್ಲ. ಕೈ ಹಿಡ್ಕೊ."