ಒದ್ದೆ ಮಡಿ

ನಮ್ಮತ್ತೆಯ ಮಡಿಗೂ ಮಳೆಗಾಲಕ್ಕೂ ಮೊದಲಿನಿಂದ ಎಣ್ಣೆ-ಸೀಗೆಕಾಯಿ ಸಂಬಂಧ. ಬಸವನಗುಡಿಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಸೂರಿಗೆ ತೂಗುಬಿಟ್ಟ ಬಿದಿರಿನ ಗಳು ಇದೆ. ಒಗೆದ ನೂಲಿನ ಸೀರೆಯನ್ನು ಕೋಲಿನಿಂದ ಅದರ ಮೇಲೆ ಹರವಿ, ಮಾರನೇ ಬೆಳಿಗ್ಗೆ ಸ್ನಾನ ಮಾಡಿ ಬಂದು, ಬೇರೆ ಯಾರೂ ಮುಟ್ಟುವ ಮೊದಲು ಉಟ್ಟುಕೊಂಡರೆ ಮಡಿ. ಬೇಸಿಗೆಯಲ್ಲಿ ಅದು ಗರಿಗರಿಯಾಗಿ ಒಣಗಿರುತ್ತಿತ್ತು. ಮಳೆ ಹಿಡಿದರೆ ಒಣಗುತ್ತಿರಲಿಲ್ಲ. ಅತ್ತೆ ಆ ತಣ್ಣನೆಯ ಸೀರೆಯನ್ನೇ ಉಟ್ಟು, ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡು ಒಲೆಯ ಮುಂದೆ ನಿಲ್ಲುತ್ತಿದ್ದರು. ಮೈಮೇಲೇ ಒಣಗುತ್ತದೆ ಬಿಡು ಎನ್ನುತ್ತಿದ್ದರು. ಸೀರೆ ಒಣಗುತ್ತಿತ್ತು, ಸೊಂಟ ಒಣಗುತ್ತಿರಲಿಲ್ಲ. ಅದು ನಮಗ್ಯಾರಿಗೂ ಗೊತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಅಂಥದ್ದೇ ಮಳೆಗಾಲದಲ್ಲಿ ನನ್ನ ಮಗಳು ಬಾಣಂತನಕ್ಕೆ ಬಂದಳು. ಹೆಣ್ಣು ಮಗು. ಎಂಬತ್ತರ ಹತ್ತಿರವಿದ್ದ ಅತ್ತೆಗೆ ಕಿವಿ ಮಂದ, ಕಣ್ಣು ಮಂಜು, ಆದರೆ ಕೂಸಿಗೆ ನೀರು ಹಾಕುವುದರಲ್ಲಿ ಅವರ ಕೈ ತಪ್ಪುತ್ತಿರಲಿಲ್ಲ. ಬಚ್ಚಲಲ್ಲಿ ಮಣೆಯ ಮೇಲೆ ಕೂತು ಕಾಲು ನೀಡಿ, ಮರಿಮಗಳನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡು ಎಣ್ಣೆ ನೀವುತ್ತಿದ್ದರು. ಮಗು ಕಿಮಕ್ಕೆನ್ನುತ್ತಿರಲಿಲ್ಲ. ಸ್ನಾನವಾದ ಮೇಲೆ ಅಂಗಡಿಯ ಟವೆಲು ಒರಟು ಎಂದು ತಮ್ಮ ಸೆರಗಿನಲ್ಲೇ ಒರೆಸಿ, ಸೊಂಟಕ್ಕೆ ಒತ್ತಿಕೊಂಡು ಹೊರಗೆ ತರುತ್ತಿದ್ದರು. ಅಡುಗೆಮನೆಯ ಯಜಮಾನಿಕೆಯನ್ನು ನಾನು, ಮನೆಯ ತೀರ್ಮಾನಗಳನ್ನು ನನ್ನ ಗಂಡ ನಿಧಾನವಾಗಿ ಅವರಿಂದ ತೆಗೆದುಕೊಂಡಾಗಿತ್ತು. ದಿನದಲ್ಲಿ ಅವರದ್ದೇ ಎಂದು ಉಳಿದಿದ್ದು ಆ ಬಚ್ಚಲ ಹೊತ್ತು ಮಾತ್ರ. ಅದಕ್ಕಾಗಿ ಅವರು ಬೆಳಗಿನಿಂದ ಕಾಯುತ್ತಿದ್ದರು.

ಮಗುವಿನ ಕೆನ್ನೆಯ ಮೇಲೆ ಒಂದು ಕೆಂಪು ಬಳೆ ಮೂಡಿತು. ನಡುವೆ ತಿಳಿ, ಅಂಚಿನಲ್ಲಿ ಸಣ್ಣ ಗುಳ್ಳೆ. ಆಮೇಲೆ ಬೆನ್ನ ಮೇಲೆ ಇನ್ನೊಂದು. ಗಾಂಧಿಬಜಾರಿನ ಚರ್ಮದ ಡಾಕ್ಟರು ನೋಡಿದ ಕೂಡಲೇ ಹುಳುಕಡ್ಡಿ ಎಂದರು. ಹೆಸರಿನಲ್ಲಿ ಹುಳು ಇದ್ದರೂ ಹುಳುವಲ್ಲ, ಬೂಷ್ಟು. ಬ್ರೆಡ್ಡಿನ ಮೇಲೆ ಬೆಳೆಯುವುದರ ದಾಯಾದಿ, ಚರ್ಮದ ಮೇಲೆ ಬೆಳೆಯುತ್ತದೆ. ನಾನು ಶಾಲೆಯಲ್ಲಿ ಕನ್ನಡ ಟೀಚರಾಗಿದ್ದವಳು. ‘ಶಿಲೀಂಧ್ರ’ ಎಂಬ ಪದವನ್ನು ಮಕ್ಕಳಿಗೆ ತಿದ್ದಿಸಿ ತಿದ್ದಿಸಿ ಸಾಕಾಗಿದ್ದೆ. ಅದು ಮನೆಯ ಮಗುವಿನ ಕೆನ್ನೆಗೆ ಬಂದು ಕೂರುತ್ತದೆ ಎಂದುಕೊಂಡಿರಲಿಲ್ಲ. ಮನೆಯಲ್ಲಿ ಯಾರಿಗೋ ಇದೆ, ಅವರಿಗೂ ಔಷಧಿಯಾಗಬೇಕು ಎಂದು ಡಾಕ್ಟರು ಹೇಳಿ ಕಳಿಸಿದರು.

ಯಾರಿಗೆ? ನಮ್ಮ ಕಡೆಯವರಿಗೆ ಇಂಥ ಪ್ರಶ್ನೆಗೆ ಉತ್ತರ ಸಿದ್ಧವಾಗಿಯೇ ಇರುತ್ತದೆ. ಮಾವಳ್ಳಿಯಿಂದ ಬಂದು ಪಾತ್ರೆ ತೊಳೆದು ನೆಲ ಒರೆಸುವಾಕೆ ನಮ್ಮಲ್ಲಿ ಆರೇಳು ವರ್ಷದಿಂದ ಇದ್ದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವಳು ಮಗುವನ್ನು ಎತ್ತಿಕೊಂಡಿದ್ದನ್ನು ತಾನು ನೋಡಿದ್ದೇನೆ ಎಂದು ಮಗಳು ಸಿಡಿಮಿಡಿಗೊಂಡಳು. ಮೊದಲು ಅವಳನ್ನೂ ಡಾಕ್ಟರಿಗೆ ತೋರಿಸೋಣ ಎಂದೆ. ಕೇಳುವ ಸ್ಥಿತಿಯಲ್ಲಿ ಮಗಳಿರಲಿಲ್ಲ. ನಡುಮನೆ ಒರೆಸುತ್ತಿದ್ದ ಹೆಂಗಸಿನ ಮುಂದೆ ನಿಂತು, ನಾಳೆಯಿಂದ ಬರುವುದು ಬೇಡ ಎಂದು ಹೇಳಿಯೇಬಿಟ್ಟಳು.

ಆಕೆ ತಲೆ ಎತ್ತಲಿಲ್ಲ. ತನಗೆ ಆ ಕಾಯಿಲೆ ಇಲ್ಲವೆಂದೂ ಹೇಳಲಿಲ್ಲ. ಒರೆಸುವ ಬಟ್ಟೆಯನ್ನು ಬಕೆಟ್ಟಿಗೆ ಹಿಂಡುತ್ತಾ ಇದ್ದಳು. ಆ ಮೌನದಿಂದ ನನಗೂ ಒಂದು ಕ್ಷಣ ಅನುಮಾನ ಬಂತು.

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಎಷ್ಟು ಕೇಳಿಸಿತ್ತೋ, ಏನು ಊಹಿಸಿದರೋ. ಗೋಡೆ ಹಿಡಿದುಕೊಂಡು ನಡುಮನೆಗೆ ಬಂದರು.

“ಅವಳನ್ಯಾಕೆ ಬಿಡಿಸ್ತೀಯ? ಅದು ನಂದು,” ಎಂದರು.

ಸೊಂಟದ ಹತ್ತಿರ ಸೀರೆ ಸರಿಸಿದರು. ನಾನು ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವರ ಮೈಯನ್ನು ಹಾಗೆ ಕಂಡವಳಲ್ಲ. ಸೊಂಟದ ಸುತ್ತ ಅಂಗೈ ಅಗಲ ಕಪ್ಪುಗೆಂಪು ಪಟ್ಟಿ, ಬೆನ್ನಿನವರೆಗೆ ಹಬ್ಬಿತ್ತು. ಕೆರೆದು ಕೆರೆದು ಕೆಲವು ಕಡೆ ರಕ್ತ ಒಣಗಿತ್ತು.

“ಮುಲಾಮು ತಂದ್ಕೊಟ್ಟಿದ್ದು ಅವಳೇ. ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ದೆ. ಹೇಳಿದ್ರೆ ಮಗೂನ ನನ್ನ ಕೈಗೆ ಕೊಡ್ತಿದ್ರಾ ನೀವು?”

ಕೊಡುತ್ತಿರಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಮಾರನೇ ದಿನ ಅವರನ್ನೇ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಮೆಡಿಕಲ್ ಶಾಪಿನವನು ಚೀಟಿ ಇಲ್ಲದೆ ಕೊಟ್ಟ ಆ ಮುಲಾಮಿನಲ್ಲಿ ಸ್ಟೆರಾಯ್ಡ್ ಬೆರೆತಿತ್ತಂತೆ. ಮೊದಲು ಕೆಂಪು ಮಾಯವಾಗುತ್ತದೆ, ತುರಿಕೆ ನಿಲ್ಲುತ್ತದೆ, ಒಳಗೊಳಗೇ ಬೂಷ್ಟು ಹುಲುಸಾಗಿ ಹಬ್ಬುತ್ತದೆ. ಒದ್ದೆ ಬಟ್ಟೆ ಉಡಲೇಬಾರದು, ಬಿಸಿನೀರಲ್ಲಿ ಒಗೆದು ಇಸ್ತ್ರಿ ಮಾಡಿದ್ದನ್ನೇ ಉಡಬೇಕು, ಪೂರ್ತಿ ವಾಸಿಯಾಗುವವರೆಗೆ ಮಗುವನ್ನು ಮುಟ್ಟಬಾರದು ಎಂದರು. ಕೊನೆಯ ಮಾತಿಗೆ ಅತ್ತೆ ಕಣ್ಣು ಮುಚ್ಚಿಕೊಂಡರು.

ಬರೆದುಕೊಟ್ಟ ಮಾತ್ರೆಯ ಕಥೆ ವಿಚಿತ್ರವಾಗಿತ್ತು. ಅದನ್ನು ಮೊದಲು ತೆಗೆದದ್ದೂ ಒಂದು ಜಾತಿಯ ಬೂಷ್ಟಿನಿಂದಲೇ ಅಂತೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು, ಸರಿ. ಆದರೆ ಅಣಬೆಯನ್ನು ಹೊಸ್ತಿಲು ದಾಟಲು ಬಿಡದ ನಮ್ಮತ್ತೆ ಬೂಷ್ಟು ನುಂಗಬೇಕೇ ಎಂದು ಡಾಕ್ಟರನ್ನು ಕೇಳಿದರು. ಅವರು ನಗಲಿಲ್ಲ. ನಿಮ್ಮ ಮನೆಯ ದೋಸೆ ಹಿಟ್ಟು ಉಬ್ಬುವುದರಲ್ಲೂ ಈ ಕುಲದವರ ಕೈ ಇದೆ, ಪೆನ್ಸಿಲಿನ್ ಇಂಜೆಕ್ಷನ್ ಹುಟ್ಟಿದ್ದೂ ಅದರಿಂದ, ಅದೆಷ್ಟು ಬಾಣಂತಿಯರು ಅದರಿಂದ ಬದುಕಿಕೊಂಡರೋ ಎಂದರು. ಅತ್ತೆ ಚೊಚ್ಚಲ ಹೆರಿಗೆಯ ಜ್ವರದಲ್ಲಿ ತಮಗೂ ಅದನ್ನೇ ಚುಚ್ಚಿದ್ದರು ಎಂದರು. ಜಿಡ್ಡಿನ ಊಟದ ಜೊತೆ ತೆಗೆದುಕೊಂಡರೆ ಮಾತ್ರೆ ಚೆನ್ನಾಗಿ ಹಿಡಿಯುತ್ತದಂತೆ. ತುಪ್ಪದನ್ನ ಕಲಸಿ ಮುಂದಿಟ್ಟರೆ ಮಾತಿಲ್ಲದೆ ನುಂಗುತ್ತಿದ್ದರು.

ಇಸ್ತ್ರಿಯ ಸೀರೆ ಮಡಿಯಲ್ಲ. ಮಡಿಯಿಲ್ಲದೆ ಒಲೆ ಮುಟ್ಟುವುದಿಲ್ಲವೆಂದು ತಾವೇ ಅಡುಗೆಮನೆಯಿಂದ ಹೊರಗುಳಿದರು. ಯಾರೂ ಹಾಗೆ ಹೇಳಿರಲಿಲ್ಲ. ಆ ಹಟಕ್ಕೆ ನನಗೆ ಸಿಟ್ಟು ಬರುತ್ತಿತ್ತು, ಕಿಟಕಿಯ ಪಕ್ಕ ಸುಮ್ಮನೆ ಕೂತಿರುವುದನ್ನು ಕಂಡರೆ ಸಿಟ್ಟು ಇಳಿದುಹೋಗುತ್ತಿತ್ತು. ಮಗಳು ಕೆಲಸದಾಕೆಯ ಹತ್ತಿರ ತಪ್ಪಾಯಿತೆಂದಳು. “ಪರ್ವಾಗಿಲ್ಲ ಬಿಡಕ್ಕ,” ಎಂದ ಆಕೆ, ಮುಖ ಮಾತ್ರ ನೋಡಲಿಲ್ಲ. ನನಗೆ ಮಂಡಿ ನೋವು, ಮಗಳಿಗೆ ಭಯ. ಕೊನೆಗೆ ಮಗುವಿಗೆ ನೀರು ಹಾಕಿಕೊಡುತ್ತೀಯಾ ಎಂದು ನಾನು ಬೇಡಿದ್ದು ಅವಳನ್ನೇ. ಒಪ್ಪಿದಳು. ಅತ್ತೆ ಬಚ್ಚಲ ಬಾಗಿಲಾಚೆ ಕುರ್ಚಿ ಹಾಕಿಸಿಕೊಂಡು, ಕಿವಿಗೆ ನೀರು ಹೋದೀತು, ಕುತ್ತಿಗೆಯ ಮಡಿಕೆ ಒರೆಸು ಎಂದು ಅಲ್ಲಿಂದಲೇ ಹೇಳುತ್ತಿದ್ದರು.

ಡಾಕ್ಟರು ಪೂರ್ತಿ ವಾಸಿಯಾಯಿತೆಂದು ಹೇಳುವಷ್ಟರಲ್ಲಿ ಮಳೆಗಾಲ ಕಳೆದಿತ್ತು. ಮಗುವಿನ ಕೆನ್ನೆಯೂ ತಿಳಿಯಾಗಿತ್ತು. ಮಾರನೇ ಬೆಳಿಗ್ಗೆ ಅತ್ತೆ ಯಾರನ್ನೂ ಕೇಳದೆ ಮಣೆ ಹಾಕಿಕೊಂಡು ಕೂತು, ಕಾಲು ನೀಡಿ, ಎರಡೂ ಕೈ ಚಾಚಿದರು. ಮಗಳು ಕೂಸನ್ನು ಕೊಟ್ಟಳು. ಬೋರಲು ಹಾಕಿಕೊಂಡದ್ದೇ ತಡ ಮಗು ಕಿಟಾರನೆ ಕಿರುಚಿತು. ಮೈ ಸೆಟೆಸಿ, ಬಾಗಿಲಲ್ಲಿ ನಿಂತಿದ್ದ ಕೆಲಸದಾಕೆಯ ಕಡೆ ಕತ್ತು ತಿರುಗಿಸಿ ಅಳತೊಡಗಿತು. ಅತ್ತೆ ಬೆನ್ನು ಸವರಿದರು, ಏನೇನೋ ಹೇಳಿ ರಮಿಸಿದರು. ಅಳು ಹೆಚ್ಚಾಯಿತು. ಆಕೆ ಒಂದು ಹೆಜ್ಜೆ ಮುಂದಿಟ್ಟು, ನನ್ನ ಮುಖ ನೋಡಿ ಅಲ್ಲೇ ನಿಂತಳು.

“ನಿನ್ನ ಕಾಲೇ ಗುರ್ತು ಅದಕ್ಕೆ. ಬಾ, ಕೂತ್ಕೋ,” ಎಂದರು ಅತ್ತೆ.

ಗೋಡೆ ಹಿಡಿದು ಎದ್ದು ಮಣೆ ಬಿಟ್ಟುಕೊಟ್ಟರು. ಆಕೆ ಕೂತಳು, ಮಗು ಸುಮ್ಮನಾಯಿತು. ಅತ್ತೆ ಚೊಂಬಿನಲ್ಲಿ ಬಿಸಿನೀರು ತೋಡಿ, ಕೈಯಿಂದ ಹದ ನೋಡಿ, ಅವಳ ಕೈಗೆ ಕೊಟ್ಟರು.