ಎದುರು ಡಗ್‌ಔಟ್‌ನ ಮನುಷ್ಯ

ನಾನು ಸಾಫ್ಟ್‌ಬಾಲ್ ಹೆಡ್ ಕೋಚ್ ಆಗಿರುವ ಕಾಲೇಜಿನ ಮೊಗಸಾಲೆಯಲ್ಲಿ ಗಾಜಿನ ಕಪಾಟೊಂದಿದೆ. ಅದರೊಳಗಿನ ಕಪ್ಪುಗಳನ್ನು ಹೊಸದಾಗಿ ಸೇರಿದ ಹುಡುಗಿಯರಿಗೆ ತೋರಿಸಿ, ಇವೆಲ್ಲ ನಮ್ಮ ಕೋಚ್ ಬಂದ ಮೇಲಿನವು ಎಂದು ಹಳಬರು ಹೇಳುತ್ತಾರೆ. ಇಷ್ಟೆಲ್ಲ ಹೇಗೆ ಗೆದ್ದೆ ಎಂದು ಯಾರಾದರೂ ಕೇಳಿದರೆ ಶಿಸ್ತು, ಅಭ್ಯಾಸ, ಒಳ್ಳೆಯ ಹುಡುಗಿಯರು ಎನ್ನುತ್ತೇನೆ. ಸುಳ್ಳೇನಲ್ಲ. ಆದರೆ ಹಾಲೆಂಡಿನ ಮಾರ್ಚ್ ತಿಂಗಳ ಕೊರೆಯುವ ಗಾಳಿಯಲ್ಲಿ ನನ್ನನ್ನು ಹಾಸಿಗೆಯಿಂದ ಎಬ್ಬಿಸಿ ಮೈದಾನಕ್ಕೆ ಕಳಿಸುತ್ತಿದ್ದದ್ದು ಶಿಸ್ತಲ್ಲ, ಒಬ್ಬ ಮನುಷ್ಯನ ಮೇಲಿದ್ದ ಹಗೆ.

ಮೈಸೂರಿನಲ್ಲಿ ಓದುವಾಗ ನಾನು ಯೂನಿವರ್ಸಿಟಿ ತಂಡದ ಕ್ಯಾಚರ್. ಬ್ಯಾಟ್ ಹಿಡಿದವಳ ಹಿಂದೆ ಕುಕ್ಕರಗಾಲಿನಲ್ಲಿ ಕೂತು, ಮುಖಕ್ಕೆ ಕಂಬಿಯ ಮಾಸ್ಕ್ ಹಾಕಿಕೊಂಡು, ಪಿಚರ್ ಎಸೆದ ಚೆಂಡನ್ನು ಹಿಡಿಯುವವಳು. ಇಡೀ ಮೈದಾನ ಎದುರಿಗೆ ಕಾಣುವುದು ಅವಳೊಬ್ಬಳಿಗೇ. ಆಮೇಲೆ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಪಿ.ಟಿ. ಮೇಡಂ ಆಗಿ ಕೆಲಸ ಮಾಡಿದೆ. ಗಂಡನಿಗೆ ಹಾಲೆಂಡಿನ ಹೇಗ್‌ನಲ್ಲಿ ಕೆಲಸ ಸಿಕ್ಕಿತು. ಮೂವರೂ ಅದರ ಪಕ್ಕದ ವೂರ್‌ಬರ್ಗ್‌ನ ಒಂದು ಫ್ಲಾಟಿಗೆ ಬಂದಿಳಿದೆವು. ಮಗಳು ಆಗಿನ್ನೂ ಚಿಕ್ಕವಳು. ಅವಳನ್ನು ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಒಂದು ಶನಿವಾರ ಕಾಲುವೆಯ ಪಕ್ಕ ಹೋಗುತ್ತಿದ್ದಾಗ, ಗಿಡಗಳ ಬೇಲಿಯಾಚೆಯಿಂದ ಚರ್ಮದ ಗ್ಲೌಸಿಗೆ ಚೆಂಡು ಬಡಿಯುವ ಸದ್ದು ಕೇಳಿಸಿತು. ಆ ಸದ್ದು ನನಗೆ ಎಲ್ಲಿದ್ದರೂ ಗೊತ್ತಾಗುತ್ತದೆ. ಸೈಕಲ್ ನಿಲ್ಲಿಸಿ ಒಳಗೆ ಹೋದೆ.

ಅದೊಂದು ಕ್ಲಬ್. ಅಲ್ಲಿ ಎಲ್ಲರೂ ಪುಕ್ಕಟೆ ಸೇವೆ ಮಾಡುವವರೇ. ಹುಡುಗಿಯರ ತಂಡದ ಕೋಚ್ ಎತ್ತರದ, ಕೆಂಪು ಕೆನ್ನೆಯ ಗಂಡಸು. ದೊಡ್ಡ ದನಿ, ಅದಕ್ಕಿಂತ ದೊಡ್ಡ ನಗು. ಯಾರಿಗೂ ಒಂದು ನೋಟಕ್ಕೇ ಇಷ್ಟವಾಗುವಂಥವನು. ನನಗೂ ಆದ. ಕ್ಯಾಚರ್ ಆಗಿದ್ದೆ ಎಂದು ತಿಳಿದ ಕೂಡಲೇ ಗ್ಲೌಸೊಂದನ್ನು ನನ್ನ ಕಡೆ ಎಸೆದು, "ಹಾಗಾದರೆ ನಾಳೆಯಿಂದ ಬಾ" ಎಂದ. ಹೋದೆ. ನಾಲ್ಕು ವರ್ಷ ಹೋದೆ.

ಪಿಚರ್‌ಗಳಿಗೂ ಕ್ಯಾಚರ್‌ಗಳಿಗೂ ಆಟ ಕಲಿಸಿದವಳು ನಾನು. ಚೆಂಡನ್ನು ತೊಡೆಯ ಪಕ್ಕದಲ್ಲಿ ಬಿಡುವ ಗಳಿಗೆಯಲ್ಲಿ ಮಣಿಕಟ್ಟು ಹೇಗೆ ತಿರುಗಬೇಕೆಂದು ಒಬ್ಬೊಬ್ಬಳ ಕೈ ಹಿಡಿದು ತೋರಿಸಿದೆ. ಪಂದ್ಯದಲ್ಲಿ ಅವನು ಕೂಗಾಡುತ್ತಿದ್ದ. ಯಾರನ್ನು ಯಾವಾಗ ಇಳಿಸಬೇಕೆಂದು ನಾನು ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳುತ್ತಿದ್ದೆ. ತಂಡ ಗೆಲ್ಲತೊಡಗಿತು. ಸ್ಥಳೀಯ ಪತ್ರಿಕೆಯಲ್ಲಿ ಅವನ ಫೋಟೋ ಬಂತು. ಬರಲಿ ಬಿಡು, ಕೋಚ್ ಅವನೇ ತಾನೇ ಎಂದುಕೊಂಡೆ.

ಕ್ಲಬ್ಬಿನ ಹೆಂಗಸರ ಮುಖ್ಯ ತಂಡಕ್ಕೆ ಹೆಡ್ ಕೋಚ್ ಬೇಕಾದಾಗ ನಾನೂ ಆಸೆ ಪಟ್ಟೆ. ಸಮಿತಿಯವರ ಮುಂದೆ ಹೋಗಿ, ಕಂಠಪಾಠ ಮಾಡಿಕೊಂಡಿದ್ದ ಡಚ್ಚಿನಲ್ಲಿ ನನ್ನ ಯೋಜನೆ ಹೇಳಿ ಬಂದೆ. ಕೆಲಸ ಅವನಿಗೆ ಹೋಯಿತು. ಅದರಲ್ಲಿ ವಿಶೇಷವಿಲ್ಲ. ನನ್ನ ಬಗ್ಗೆ ಸಮಿತಿ ಅವನನ್ನು ಕೇಳಿತ್ತಂತೆ. "ಮಕ್ಕಳ ಜೊತೆ ಚೆನ್ನಾಗಿದ್ದಾಳೆ. ಆದರೆ ಅವಳು ಮಾತಾಡಿದರೆ ಆಟಗಾರ್ತಿಯರಿಗೆ ನಗು ಬರುತ್ತೆ" ಎಂದನಂತೆ.

ಇದು ನನಗೆ ಆಮೇಲೆ ಗೊತ್ತಾದದ್ದು. ಮೊದಲು ಗೊತ್ತಾದದ್ದು ಬೇರೆ ರೀತಿಯಲ್ಲಿ.

ಅವನನ್ನು ಆರಿಸಿದ ವಾರದ ಭಾನುವಾರ, ಪಂದ್ಯ ಮುಗಿದ ಮೇಲೆ ನಾನು ಸಾಮಾನುಗಳನ್ನು ಕೋಣೆಯಲ್ಲಿಟ್ಟು ಬೀಗ ಹಾಕಿ ಕ್ಯಾಂಟೀನಿಗೆ ಬಂದೆ. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅವನು ಕುರ್ಚಿಯ ಮೇಲೆ ನಿಂತು ನನ್ನ ಹಾಗೆ ಮಾತಾಡುತ್ತಿದ್ದ. ನನ್ನ ಡಚ್, ನನ್ನ ರಾಗ, ನಾನು ಒತ್ತಿ ಹೇಳುವ 'ಟ' ಮತ್ತು 'ಡ', ನಾನು ತಲೆಯಾಡಿಸುವ ರೀತಿ. ಹುಡುಗಿಯರಿಗೆ ಹುರುಪು ತುಂಬಲು ನಾನು ಹೇಳುವ ಮಾತನ್ನೇ ಹೇಳುತ್ತಿದ್ದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮುಂದಿನ ಮೇಜಿನಲ್ಲಿ ಆಲೂಗಡ್ಡೆ ಫ್ರೈಸ್ ತಿನ್ನುತ್ತಾ ನನ್ನ ಮಗಳು ಕೂತಿದ್ದಳು. ಅವಳೂ ನಗುತ್ತಿದ್ದಳು. ಬಾಗಿಲಲ್ಲಿ ನನ್ನನ್ನು ಕಂಡು ನಗು ನಿಲ್ಲಿಸಿದಳು. ಅವಳು ನಿಲ್ಲಿಸಿದ್ದೇ ನನ್ನನ್ನು ಹೆಚ್ಚು ಸುಟ್ಟಿತು. ನಗಬಾರದಿತ್ತು ಎಂದು ಅಷ್ಟು ಚಿಕ್ಕ ಹುಡುಗಿಗೂ ಗೊತ್ತಾಗಿತ್ತು.

ಅವನು ಕುರ್ಚಿಯಿಂದಿಳಿದು ನನ್ನ ಭುಜ ತಟ್ಟಿದ. "ತಮಾಷೆ ಕಣೇ, ನಾನು ಎಲ್ಲರನ್ನೂ ಅಣಕಿಸ್ತೀನಿ."

ಮನೆಗೆ ಬಂದು ಗಂಡನಿಗೆ ಹೇಳಿದೆ.

"ಬಿಟ್ಹಾಕೇ. ಇಲ್ಲಿನ ಜನಾನೇ ಹಂಗೆ, ಎಲ್ಲಾ ಓಪನ್ನಾಗಿ ಮಾತಾಡ್ಬಿಡ್ತಾರೆ. ಜೋಕ್ ಮಾಡಿರ್ತಾನೆ."

"ಜೋಕ್ ಅಂತ ನಂಗೂ ಅರ್ಥ ಆಯ್ತು. ಅರ್ಥ ಆಗ್ದೇ ಇದ್ದಿದ್ರೆ ನಿದ್ದೆನಾದ್ರೂ ಬರ್ತಿತ್ತು."

"ಏನ್ಮಾಡ್ತೀಯ ಈಗ? ಕಂಪ್ಲೇಂಟ್ ಕೊಡ್ತೀಯಾ?"

"ಇಲ್ಲ. ಸೋಲಿಸ್ತೀನಿ."

ಅವರು ನಕ್ಕರು. ನಾನು ನಗಲಿಲ್ಲ. ಮರುವಾರ ಕ್ಲಬ್ ಬಿಟ್ಟೆ.

ನನ್ನ ಕೈಯಲ್ಲಿ ಪಿಚಿಂಗ್ ಕಲಿತಿದ್ದ ಹುಡುಗಿಯೊಬ್ಬಳು ಬೇರೆ ಊರಿನ ಕಾಲೇಜು ಸೇರಿದ್ದಳು. ಅಲ್ಲಿನ ತಂಡಕ್ಕೆ ಕೋಚ್ ಇಲ್ಲ, ಸೋಲುವುದು ರೂಢಿಯಾಗಿಬಿಟ್ಟಿದೆ, ಬರುತ್ತೀರಾ ಎಂದು ಕೇಳಿದಳು. ಹೋಗಿ ನೋಡಿದೆ. ತಂಡ ಎನ್ನಲು ಬೇಕಾದಷ್ಟು ಜನ ಮಾತ್ರ ಇದ್ದರು. ಒಬ್ಬಳು ಹಾಕಿ ಆಟದ ಲಂಗದಲ್ಲಿ ಬಂದಿದ್ದಳು. ಇನ್ನೊಬ್ಬಳು ಚೆಂಡು ತನ್ನ ಕಡೆ ಬಂದರೆ ಕಣ್ಣು ಮುಚ್ಚುತ್ತಿದ್ದಳು. ಕಾಲೇಜಿನವರು ನನ್ನನ್ನು ಹೆಚ್ಚು ವಿಚಾರಿಸಲೂ ಇಲ್ಲ. ಬೇರೆ ಯಾರೂ ಆ ಕೆಲಸ ಕೇಳಿರಲಿಲ್ಲ.

ಮೊದಲ ವರ್ಷ ಎಲ್ಲ ಪಂದ್ಯವನ್ನೂ ಸೋತೆವು. ಎರಡನೆಯ ವರ್ಷ ಸೋಲುಗಳು ಸಣ್ಣವಾದವು. ನಾನು ಒಂದು ನಿಯಮ ಮಾಡಿದೆ: ನಮ್ಮ ಡಗ್‌ಔಟ್‌ನಲ್ಲಿ, ಅಂದರೆ ಮೈದಾನದ ಅಂಚಿಗೆ ತಂಡ ಕೂರುವ ಚಪ್ಪರದ ಕೆಳಗೆ, ಯಾರೂ ಕಿರುಚುವಂತಿಲ್ಲ. ಎಲ್ಲವೂ ಕೈಸನ್ನೆಯಲ್ಲಿ, ಕಣ್ಣಿನಲ್ಲಿ. ನನ್ನ ಮಾತನ್ನು ಅಣಕಿಸುವ ಅವಕಾಶ ಇನ್ನೊಬ್ಬರಿಗೆ ಸಿಗಬಾರದೆಂಬ ಹಟದಿಂದ ಹುಟ್ಟಿದ ನಿಯಮ ಅದು. ಆದರೆ ಅದರಿಂದ ಬೇರೊಂದು ಲಾಭವಾಯಿತು. ಎದುರಿನವರು ನಮ್ಮ ಮೌನಕ್ಕೆ ಹೆದರತೊಡಗಿದರು. ಕಣ್ಣು ಮುಚ್ಚುತ್ತಿದ್ದ ಹುಡುಗಿ ಮೂರನೆಯ ವರ್ಷ ನಮ್ಮ ಅತ್ಯುತ್ತಮ ಶಾರ್ಟ್‌ಸ್ಟಾಪ್ ಆದಳು. ಓಡುವವರು ಮುಟ್ಟಬೇಕಾದ ಎರಡನೇ ಮತ್ತು ಮೂರನೇ ಗುರುತಿನ, ಅಂದರೆ ಬೇಸಿನ, ನಡುವೆ ನಿಂತರೆ ಚೆಂಡು ಅವಳನ್ನು ದಾಟಿ ಹೋಗುತ್ತಿರಲಿಲ್ಲ. ಆ ವರ್ಷ ವಿದ್ಯಾರ್ಥಿ ತಂಡಗಳ ಮೊದಲ ಕಪ್ಪನ್ನು ಎತ್ತಿದೆವು.

ಅಷ್ಟರಲ್ಲಿ ಸುದ್ದಿ ಬಂತು. ನಮ್ಮ ಎದುರಾಳಿ ಕಾಲೇಜೊಂದು ಹೊಸ ಹೆಡ್ ಕೋಚನ್ನು ನೇಮಿಸಿದೆ. ಯಾರೆಂದು ನನ್ನನ್ನು ಕಾಲೇಜಿಗೆ ಕರೆಸಿದ್ದ ಪಿಚರ್ ಹುಡುಗಿ ಫೋನಿನಲ್ಲಿ ಹೇಳಿದಾಗ ನಾನು ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಒಬ್ಬಳೇ ಜೋರಾಗಿ ನಕ್ಕೆ. ಪಕ್ಕದಲ್ಲಿದ್ದ ಅಜ್ಜಿ ಸರಿದು ನಿಂತಳು. ನಾನು ಅವನನ್ನು ಹುಡುಕಿಕೊಂಡು ಹೋಗಬೇಕಾಗಿಯೇ ಬರಲಿಲ್ಲ, ಅವನೇ ನನ್ನ ಕಣಕ್ಕೆ ಬಂದ.

ಸಾಫ್ಟ್‌ಬಾಲ್‌ನಲ್ಲಿ ಕೋಚ್ ತನ್ನ ಆಟಗಾರ್ತಿಯರಿಗೆ ಗುಟ್ಟಾಗಿ ಸನ್ನೆ ಮಾಡುತ್ತಾನೆ: ಟೋಪಿ ಮುಟ್ಟುತ್ತಾನೆ, ಮೂಗು ಒರೆಸುತ್ತಾನೆ, ಮೊಣಕೈ ತಟ್ಟುತ್ತಾನೆ. ಹೆಚ್ಚಿನವು ಬರೀ ನಾಟಕ. ಅವನದರಲ್ಲಿ ಬೆಲ್ಟನ್ನು ಮುಟ್ಟಿದ ಮೇಲೆ ಬರುವುದು ಮಾತ್ರ ನಿಜವಾದ ಸನ್ನೆ. ಬೆಲ್ಟಿನ ನಂತರ ಕಿವಿ ಮುಟ್ಟಿದರೆ ಬ್ಯಾಟಿನಿಂದ ಮೆಲ್ಲಗೆ ತಟ್ಟಿ ಓಡು ಎಂದು. ಮೊಣಕೈ ಮುಟ್ಟಿದರೆ ಬೇಸ್ ಕದಿ, ಅಂದರೆ ಚೆಂಡನ್ನು ಹೊಡೆಯುವವರೆಗೆ ಕಾಯದೆ ಮುಂದಿನ ಬೇಸಿಗೆ ಓಡು ಎಂದು. ನಾಲ್ಕು ವರ್ಷ ಅವನ ಪಕ್ಕದಲ್ಲಿ ಕೂತಿದ್ದೆನಲ್ಲ. ಊರು ಬದಲಾಯಿಸಿದ, ತಂಡ ಬದಲಾಯಿಸಿದ, ಸನ್ನೆ ಬದಲಾಯಿಸಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ನಾನು ಗಮನಿಸಿರಬಹುದೆಂದು ಅವನು ಅಂದುಕೊಂಡೇ ಇರಲಿಲ್ಲ. ನಮ್ಮ ಆಟದಲ್ಲಿ ಎದುರಾಳಿಯ ಸನ್ನೆಯನ್ನು ಕಣ್ಣಿಂದ ಓದುವುದು ತಪ್ಪಲ್ಲ. ತಪ್ಪಾಗಿದ್ದಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

ಮೊದಲ ಪಂದ್ಯದಲ್ಲಿ ಅವನ ಹುಡುಗಿಯರು ಓಡಿ ಬೇಸ್ ತಲುಪುವ ಮೊದಲೇ ನನ್ನ ಹುಡುಗಿಯರು ಅಲ್ಲಿ ಚೆಂಡು ಹಿಡಿದು ನಿಂತಿರುತ್ತಿದ್ದರು. ಅವನ ಕೂಗು ಹೆಚ್ಚಾಯಿತು. ಕೆನ್ನೆ ಇನ್ನಷ್ಟು ಕೆಂಪಾಯಿತು. ಕೊನೆಗೆ ಸಾಲಾಗಿ ನಿಂತು ಕೈ ಕುಲುಕುವಾಗ, "ಇವತ್ತು ಅದೃಷ್ಟ ನಿನ್ನ ಕಡೆ ಇತ್ತು" ಎಂದ.

"ಹೌದು, ಇತ್ತು" ಎಂದೆ, ನನ್ನದೇ ರಾಗದಲ್ಲಿ.

ಆಮೇಲಿನ ಪ್ರತಿ ವರ್ಷವೂ ಅದೃಷ್ಟ ನನ್ನ ಕಡೆಗೇ ಇತ್ತು. ಪಂದ್ಯದಿಂದ ತೃಪ್ತಿಯಾಗದೆ ಬೇರೆ ಕಡೆಯಿಂದಲೂ ಕೈ ಹಾಕಿದೆ. ಹಳೆಯ ಕ್ಲಬ್ಬಿನ ಹುಡುಗಿಯರು ಬೆಳೆದು ಕಾಲೇಜಿಗೆ ಬರುವ ವಯಸ್ಸಾಗಿತ್ತು. ಅವರು ತನ್ನ ಕಡೆಗೇ ಬರುತ್ತಾರೆಂದು ಅವನು ನಂಬಿದ್ದ. ಅವರಲ್ಲೊಬ್ಬಳು ಎಡಗೈ ಪಿಚರ್, ಅವನು ಎಲ್ಲರೆದುರು ಹೊಗಳುತ್ತಿದ್ದವಳು. ನಾನು ಅವಳ ಮನೆಗೆ ಹೋದೆ. ಅವಳ ಅಮ್ಮ ಕೊಟ್ಟ ಬಟಾಣಿ ಸೂಪಿನಲ್ಲಿದ್ದ ಮಾಂಸದ ಚೂರುಗಳನ್ನು ಬದಿಗೆ ಸರಿಸಿ ಕುಡಿದೆ. ಚೆಂಡು ಬಿಡುವಾಗ ಅವಳ ಭುಜಕ್ಕೆ ಎಲ್ಲಿ ನೋವಾಗುತ್ತಿದೆ ಎಂದು ಕೇಳಿದೆ. ಅದನ್ನು ಅವಳನ್ನು ಯಾರೂ ಕೇಳಿರಲಿಲ್ಲ. ಅವಳು ನನ್ನ ಕಾಲೇಜಿಗೆ ಸೇರಿದಳು. ಅವಳು ಮೊದಲ ಬಾರಿ ನಮ್ಮ ಅಂಗಿ ತೊಟ್ಟು ಅವನ ತಂಡದ ಎದುರು ನಿಂತಾಗ, ನಾನು ಆಟ ನೋಡಲಿಲ್ಲ. ಅವನ ಮುಖ ನೋಡುತ್ತಿದ್ದೆ.

ಹೋದ ವಸಂತದಲ್ಲಿ ನಮ್ಮಿಬ್ಬರ ತಂಡಗಳ ಪಂದ್ಯಕ್ಕೆ ಮುಂಚೆ ಅವನು ಮೈದಾನ ದಾಟಿ ನನ್ನ ಹತ್ತಿರ ಬಂದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನ ಹುಡುಗಿಯರಿಗೆ ಕೇಳಿಸದಷ್ಟು ದೂರ ಕರೆದುಕೊಂಡು ಹೋದ.

"ನಮ್ಮ ಕಾಲೇಜಿನವರು ಇವತ್ತು ಆಟ ನೋಡೋಕೆ ಬಂದಿದ್ದಾರೆ. ನನ್ನನ್ನು ಮುಂದುವರಿಸಬೇಕೋ ಬೇಡವೋ ಅಂತ ನಿರ್ಧಾರ ಮಾಡ್ತಾರೆ. ಗೆಲ್ಲು, ಬೇಡ ಅನ್ನೋದಿಲ್ಲ. ತುಂಬಾ ದೊಡ್ಡದು ಮಾಡಬೇಡ, ಅಷ್ಟೇ. ಅರ್ಧ ಆಟ ಆದ ಮೇಲೆ ಹೊಸ ಹುಡುಗಿಯರನ್ನ ಇಳಿಸು."

ಅವನು ಬೇಡುವುದನ್ನು ನಾನು ಎಷ್ಟೋ ಸಲ ಕಲ್ಪಿಸಿಕೊಂಡಿದ್ದೆ. ಕಲ್ಪನೆಯಲ್ಲಿ ನನ್ನ ಉತ್ತರ ಉದ್ದವಾಗಿರುತ್ತಿತ್ತು. ಈಗ ಬಾಯಿಗೆ ಬಂದದ್ದು ಒಂದೇ ಪ್ರಶ್ನೆ.

"ಕ್ಯಾಂಟೀನಿನಲ್ಲಿ ಕುರ್ಚಿ ಹತ್ತಿ ನನ್ನ ಹಾಗೆ ಮಾತಾಡಿದ್ದು ನೆನಪಿದೆಯಾ?"

ಅವನು ನಿಜವಾಗಿಯೂ ಯೋಚಿಸಿದ. ನೆನಪಿಸಿಕೊಳ್ಳಲು ಕಷ್ಟಪಟ್ಟ. "ಯಾವ ಕ್ಯಾಂಟೀನ್?" ಎಂದ.

ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ಮರೆತೇ ಹೋಗಿತ್ತು. ಇಷ್ಟು ವರ್ಷ ನಾನು ಹೊಡೆಯುತ್ತಿದ್ದೆ, ತಾನು ಯಾಕೆ ಹೊಡೆಸಿಕೊಳ್ಳುತ್ತಿದ್ದೇನೆಂದು ಅವನಿಗೆ ಗೊತ್ತೇ ಇರಲಿಲ್ಲ. ನನಗೆ ಕನಿಕರ ಬರಬೇಕಿತ್ತೇನೋ. ಬಂದದ್ದು ಹೊಸ ಸಿಟ್ಟು.

"ನೋಡೋಣ" ಎಂದು ಹೇಳಿ ತಂಡದ ಕಡೆ ನಡೆದೆ.

ಒಬ್ಬಳನ್ನೂ ಬದಲಾಯಿಸಲಿಲ್ಲ. ಮುಂದಿದ್ದೆವು, ಇನ್ನೂ ಮುಂದೆ ಹೋದೆವು. ಅಷ್ಟು ಮುಂದಿರುವ ತಂಡ ಬೇಸ್ ಕದಿಯುವುದಿಲ್ಲ. ಅದು ಆಟದ ಮರ್ಯಾದೆ, ಬರೆದಿಟ್ಟ ನಿಯಮವಲ್ಲ. ನಾನು ಕದಿ ಎಂದು ಸನ್ನೆ ಮಾಡಿದೆ. ಬೇಸಿನಲ್ಲಿ ನಿಂತಿದ್ದ ಹುಡುಗಿ ತನಗೇ ತಪ್ಪಾಗಿ ಕಂಡಿತೆಂದು ನನ್ನ ಕಡೆ ಮತ್ತೆ ನೋಡಿದಳು. ಮತ್ತೆ ಮಾಡಿದೆ. ರನ್ನುಗಳ ಅಂತರ ಮಿತಿ ಮೀರಿದರೆ ಪಂದ್ಯವನ್ನು ಅರ್ಧಕ್ಕೇ ಮುಗಿಸುವ ನಿಯಮವೊಂದಿದೆ. ಅಂಪೈರ್ ಕೈಯೆತ್ತಿ ಮುಗಿಸಿದಾಗ ಅವನ ಕಾಲೇಜಿನವರು ಕಾಫಿ ಲೋಟಗಳನ್ನು ಕಸದ ಡಬ್ಬಿಗೆ ಹಾಕಿ ಹೊರಟುಹೋದರು. ಅವನು ಡಗ್‌ಔಟ್‌ನಲ್ಲಿ ಬ್ಯಾಟುಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬುತ್ತಿದ್ದ. ಕೂಗುತ್ತಿರಲಿಲ್ಲ.

ಮಗಳು ಆಟ ನೋಡಲು ಬಂದಿದ್ದಳು. ಅವಳಿಗೀಗ ನನ್ನಷ್ಟೇ ಎತ್ತರ. ವಾಪಸು ಬರುವ ರೈಲಿನಲ್ಲಿ ನನ್ನ ಪಕ್ಕ ಕೂತಳು.

"ಅದು ಟೂ ಮಚ್ ಆಯ್ತು ಮಮ್ಮಿ."

"ಅವ್ನು ಏನ್ಮಾಡಿದ್ದ ಅಂತ ನಿಂಗೊತ್ತಲ್ಲ."

"ಗೊತ್ತು. ನಾನೂ ಅಲ್ಲೇ ಇದ್ನಲ್ಲ. ಐ ಲಾಫ್ಡ್ ಟೂ. ನನ್ ಮೇಲೆ ಯಾಕೆ ರಿವೆಂಜ್ ತಗೊಳ್ಲಿಲ್ಲ?"

"ನೀನು ಮಗು ಕಣೇ ಆಗ."

"ಆದ್ರೆ ನಿಂಗೆ ಬೇಜಾರಾಗಿದ್ದು ನಾನು ನಕ್ಕಿದ್ದಕ್ಕೇ ಅಲ್ವಾ?"

ಅವಳು ನನ್ನ ತೋಳಿಗೆ ತಲೆಯಾನಿಸಿ ಫೋನ್ ನೋಡತೊಡಗಿದಳು. ಊರು ಬರುವವರೆಗೂ ನಾನು ಕೈ ಅಲ್ಲಾಡಿಸಲಿಲ್ಲ.

ಅವನನ್ನು ಮುಂದುವರಿಸಲಿಲ್ಲ. ಆ ತಂಡಕ್ಕೆ ಈಗ ಒಬ್ಬ ಚಿಕ್ಕ ವಯಸ್ಸಿನ ಹೆಣ್ಣುಮಗಳು ಕೋಚ್. ಒಳ್ಳೆಯ ಹುಡುಗಿ, ನನ್ನ ಅಭ್ಯಾಸ ನೋಡಲು ಬರುತ್ತಾಳೆ. ಚಳಿಗಾಲದಲ್ಲಿ ಒಂದು ದಿನ ಗಂಡನ ಜೊತೆ ಕಡಲತೀರದ ನೂರ್ಡ್‌ವೈಕ್‌ಗೆ ಹೋಗಿದ್ದೆ. ಅವರು ಕಾರು ನಿಲ್ಲಿಸಲು ಜಾಗ ಹುಡುಕುತ್ತಿದ್ದಾಗ ನಾನೊಬ್ಬಳೇ ಮರಳಿಗಿಳಿದೆ. ಎದುರಿಗೆ ನಾಯಿ ಹಿಡಿದುಕೊಂಡು ಅವನು ಬರುತ್ತಿದ್ದ. ತಪ್ಪಿಸಿಕೊಳ್ಳಲು ಅಲ್ಲಿ ಮರೆಯೇನೂ ಇರಲಿಲ್ಲ.

"ಆ ಎಡಗೈ ಹುಡುಗಿ ಭುಜ ಹೇಗಿದೆ?" ಎಂದು ಕೇಳಿದ.

"ಚೆನ್ನಾಗಿದೆ."

"ಒಳ್ಳೇದು. ನಾನು ಅವಳನ್ನ ಜಾಸ್ತಿ ಎಸೆಯೋಕೆ ಬಿಟ್ಟುಬಿಟ್ಟಿದ್ದೆ."

ಗಾಳಿಗೆ ಇಬ್ಬರ ಕಣ್ಣಲ್ಲೂ ನೀರು ಬರುತ್ತಿತ್ತು. ನಾನು ಇನ್ನೇನಾದರೂ ಹೇಳುತ್ತೇನೆಂದು ಅವನು ಸ್ವಲ್ಪ ಹೊತ್ತು ಕಾದ. ಒಂದು ಒಳ್ಳೆಯ ಮಾತು ಹೇಳಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಹೇಳಲಿಲ್ಲ. ನಾಯಿ ಎಳೆಯಿತು, ಅವನು ಹೋದ.

ಮನೆಗೆ ಬರುವಾಗ ಕಾರಿನಲ್ಲಿ ಕಣ್ಣು ಮುಚ್ಚಿ ಆ ಕೊನೆಯ ಪಂದ್ಯವನ್ನು ಮೊದಲಿನಿಂದ ಮತ್ತೊಮ್ಮೆ ನೆನೆಸಿಕೊಂಡೆ. ಒಂದು ಚೆಂಡನ್ನೂ ಬಿಡಲಿಲ್ಲ. ಈಗಲೂ ಸಿಹಿಯಾಗಿಯೇ ಇತ್ತು.