ಮುಚ್ಚಳ ಕೇಳಿದ ಉಸ್ತಾದ

ನಿಮ್ಮ ಗಾಡಿ ನಡುದಾರಿಯಲ್ಲಿ ಕೆಟ್ಟು ನಿಂತಾಗ ನೀವು ಮೊದಲು ಯಾರನ್ನು ಕಳ್ಳನೆಂದು ಕರೆಯುತ್ತೀರಿ? ಅದನ್ನು ಕೊನೆಯದಾಗಿ ರಿಪೇರಿ ಮಾಡಿದವನನ್ನಲ್ಲವೇ? ನಾನೂ ಹಾಗೆಯೇ ಕರೆದೆ. ಮನಸ್ಸಿನಲ್ಲಿ ಕರೆದು ಸುಮ್ಮನಾಗಿದ್ದರೆ ಈ ಬರಹಕ್ಕೆ ಕಾರಣವಿರುತ್ತಿರಲಿಲ್ಲ. ಆಳಂದದ ಗ್ಯಾರೇಜೊಂದರ ಮುಂದೆ, ಆರೇಳು ಜನರ ಎದುರಿಗೆ, ಸ್ಪಷ್ಟವಾದ ಉಚ್ಚಾರಣೆಯಲ್ಲಿ ಕರೆದೆ.

ಹತ್ತನೆಯ ತರಗತಿ ಮುಗಿಸಿದ ಹೆಣ್ಣುಮಕ್ಕಳನ್ನು ಕಾಲೇಜಿಗೆ ಕಳಿಸಿ ಎಂದು ಹೇಳುತ್ತ ಆಳಂದ, ಅಫಜಲಪುರ, ಜೇವರ್ಗಿಯ ಊರುಗಳನ್ನು ತಿರುಗುವುದು ಕೆಲವು ವರ್ಷಗಳಿಂದ ನನಗೆ ನಾನೇ ವಹಿಸಿಕೊಂಡ ಕೆಲಸ. ಬಸ್ಸಿನ ವೇಳೆಗೆ ಸಭೆಗಳು ಹೊಂದುವುದಿಲ್ಲ. ಆದ್ದರಿಂದ ಅಫಜಲಪುರದ ನನ್ನ ಸೋದರಮಾವ ಹತ್ತಾರು ವರ್ಷ ಓಡಿಸಿ ನನಗೆ ಕೊಟ್ಟ ಎರಡು ಸ್ಟ್ರೋಕಿನ ಹಳೆಯ ಬೈಕೇ ನನ್ನ ವಾಹನ. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕಾದ, ನೀಲಿ ಹೊಗೆ ಬಿಡುವ ಜಾತಿಯದು. "ಭಾಷಣದ ಸರ ಬಂದ್ರು ನೋಡ್ರಿ, ಹೊಗಿ ಮೊದ್ಲ ಬಂತು, ಮಾತು ಹಿಂದಿಂದ ಬರ್ತದ" ಎಂದು ನರೋಣಾದ ಹಿರಿಯರೊಬ್ಬರು ಕಟ್ಟೆಯ ಮೇಲೆ ಕುಳಿತು ಹೇಳಿದ್ದನ್ನು ನಾನು ಕೇಳಿಸಿಕೊಂಡೂ ಕೇಳಿಸದವನಂತೆ ಮುಂದೆ ಹೋಗಿದ್ದೆ.

ಆ ವರ್ಷದ ಮಳೆಗಾಲದ ಮೊದಲ ವಾರ ಪೆಟ್ರೋಲ್ ಟ್ಯಾಂಕಿನ ಮುಚ್ಚಳದೊಳಗಿನ ರಬ್ಬರ್ ವಾಷರ್ ಹರಿದು, ಪೆಟ್ರೋಲಿಗೆ ನೀರು ಇಳಿಯಿತು. ಲಾರಿಯ ಹಳೆಯ ಟ್ಯೂಬಿನ ತುಂಡಿನಿಂದ ದುಂಡಗೆ ಹೊಸದೊಂದನ್ನು ಕತ್ತರಿಸಿ ನಾನೇ ಕೂರಿಸಿದೆ. ನೀರು ನಿಂತಿತು. ಅದನ್ನು ಯಾರಿಗೂ ಹೇಳಲಿಲ್ಲ. ಹೇಳುವಷ್ಟು ದೊಡ್ಡ ಸಂಗತಿ ಎನಿಸಲಿಲ್ಲ.

ಅದಾದ ಮೇಲೆ ಗಾಡಿ ಮಿಸ್ ಹೊಡೆಯಲು ತೊಡಗಿತು. ಹತ್ತು ಹನ್ನೆರಡು ಕಿಲೋಮೀಟರ್ ಸಲೀಸಾಗಿ ಓಡಿ, ಆಮೇಲೆ ಒಂದೊಂದೇ ಹೊಡೆತ ತಪ್ಪಿ, ಬಿಕ್ಕಳಿಸಿ, ನಿಂತುಬಿಡುತ್ತಿತ್ತು. ಇಳಿದು, ಪೆಟ್ರೋಲ್ ಇದೆಯೇ ಎಂದು ಮುಚ್ಚಳ ತೆಗೆದು ನೋಡಿ, ಮತ್ತೆ ಹಾಕಿ ಕಿಕ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತಿತ್ತು. ಎಂಜಿನ್ ಕಾದು ಹೀಗಾಗುತ್ತದೆ ಎಂದು ನಾನು ತೀರ್ಮಾನಿಸಿದೆ.

ಈ ಮೂರು ತಾಲ್ಲೂಕುಗಳಲ್ಲಿ ಇಂಥ ಗಾಡಿಗಳ ಮೈ ಬಲ್ಲವರು ಉಳಿದಿರುವುದು ಒಬ್ಬರೇ, ಆಳಂದದ ಬಸ್ ಸ್ಟ್ಯಾಂಡಿನ ಹಿಂದಿನ ಗ್ಯಾರೇಜಿನವರು. ಎಲ್ಲರೂ ಅವರನ್ನು ಉಸ್ತಾದ ಎನ್ನುತ್ತಾರೆ. ಅವರು ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದು, "ಒಣಗಿ ಬೆಳ್ಳಗಾಗ್ಯಾದ. ಪೆಟ್ರೋಲ್ ಸಾಲವಲ್ದು ಇದಕ್ಕ" ಎಂದರು. ಕಾರ್ಬುರೇಟರ್ ಬಿಚ್ಚಿ ತೊಳೆದರು. ಊರೊಳಗೆ ಒಂದು ಸುತ್ತು ಹಾಕಿದರು, ಒಂದು ಹೊಡೆತವೂ ತಪ್ಪಲಿಲ್ಲ. ಸರಸಂಬಾದ ದಾರಿಯಲ್ಲಿ ಮತ್ತೆ ನಿಂತಿತು. ಎರಡನೆಯ ಸಲ ಪೆಟ್ರೋಲಿನ ನಳ, ಪೈಪು ಎಲ್ಲ ಬಿಚ್ಚಿ ನೋಡಿದರು. ಹಿರೋಳ್ಳಿಯ ದಾರಿಯಲ್ಲಿ ಮತ್ತೆ ನಿಂತಿತು. ಆ ಸಂಜೆ ನನಗಾಗಿ ಕಾದಿದ್ದ ತಾಯಂದಿರು ಎದ್ದು ಹೋಗಿದ್ದರು.

ಇದರ ನಡುವೆ ಜೇವರ್ಗಿಗೆ ಹೋದಾಗ ಅಲ್ಲಿನ ಮೆಕ್ಯಾನಿಕ್ ಒಬ್ಬ ಬಗ್ಗಿ ನೋಡಿ, "ಈ ಕಾರ್ಬುರೇಟರ್ ಈ ಗಾಡೀದಲ್ರಿ. ಯಾರೋ ಬದ್ಲಿ ಮಾಡ್ಯಾರ" ಎಂದ. ಹಳೆಯ ಗಾಡಿಗಳ ಅಸಲಿ ಬಿಡಿಭಾಗಕ್ಕೆ ಇಂದು ಎಂಥ ಬೇಡಿಕೆಯಿದೆ ಎಂಬುದು ನನಗೆ ಗೊತ್ತಿತ್ತು. ಅಷ್ಟು ಸಾಕಾಯಿತು. ಜೇವರ್ಗಿಯಿಂದ ಆಳಂದದವರೆಗೆ ದಾರಿಯುದ್ದಕ್ಕೂ ನಾನು ವಾದ ಕಟ್ಟುತ್ತ ಬಂದೆ.

"ನನ್ನ ಗಾಡಿಯ ಅಸಲಿ ಕಾರ್ಬುರೇಟರ್ ಎಲ್ಲಿದೆ?" ಎಂದು ಕೇಳಿದೆ.

ಉಸ್ತಾದ ಕೈ ಒರೆಸಿಕೊಂಡರು. "ನೀವು ತಂದಾಗ ಏನಿತ್ತೋ ಅದೇ ಅದರಿ."

"ಇದು ಕಳ್ಳತನ. ನಂಬಿ ಬಿಟ್ಟುಹೋದವರ ಮಾಲನ್ನು ಬದಲಾಯಿಸುವುದಕ್ಕೆ ಬೇರೆ ಹೆಸರಿಲ್ಲ."

ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟರು. ಉಸ್ತಾದ ದನಿ ಏರಿಸಲಿಲ್ಲ. "ಒಂದ್ ಮಾತ್ ಹೇಳ್ರಿ. ದಾರ್ಯಾಗ ನಿಂತಾಗ ಟಾಕಿ ತೆಗದ್ ನೋಡ್ತೀರಿ, ಆಮ್ಯಾಲ ಚಾಲೂ ಆಗ್ತದ. ಹೌದಲ್ರಿ? ಆ ಮುಚ್ಚಳ ಇತ್ತ ಕೊಡ್ರಿ."

"ವಿಷಯಾಂತರ ಮಾಡಬೇಡಿ" ಎಂದೆ.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಅತಿ ಹೆಚ್ಚು ಗೆದ್ದದ್ದು ಈ ಎರಡು ಪದಗಳಿಂದ. ಎದುರಾಳಿ ನನಗೆ ಉತ್ತರ ತಿಳಿಯದ ಕಡೆಗೆ ಮಾತು ತಿರುಗಿಸಿದಾಗಲೆಲ್ಲ ಇದನ್ನು ಬಳಸಿ ಅವನನ್ನು ಕಟ್ಟಿಹಾಕುತ್ತಿದ್ದೆ.

"ಬಿಡ್ರಿ ಉಸ್ತಾದ" ಎಂದ ಬೆಂಚಿನ ಮೇಲಿದ್ದವನೊಬ್ಬ, "ಟಾಕಿ ಮುಚ್ಚಳಾ ಹಂಗೇ ಇರ್ಲಿ. ಸರನ ಬಾಯಿಗಿ ಒಂದ್ ಮುಚ್ಚಳಾ ಹುಡುಕ್ರಿ."

ಬೆಂಚಿನವರೆಲ್ಲ ನಕ್ಕರು. ಆ ನಗೆಗೆ ಉತ್ತರವಾಗಿ ನಾನು ಮನೆಗೆ ಬಂದು, ಹಳೆಯ ಬೈಕುಗಳ ಮಾಲೀಕರ ಫೋನ್ ಗುಂಪಿಗೆ ಒಂದು ಸಂದೇಶ ಬರೆದೆ. ಆಳಂದದ ಬಸ್ ಸ್ಟ್ಯಾಂಡಿನ ಹಿಂದಿನ ಗ್ಯಾರೇಜಿನಲ್ಲಿ ಅಸಲಿ ಭಾಗ ಕದ್ದು ನಕಲಿ ಹಾಕುತ್ತಾರೆ, ಎಚ್ಚರಿಕೆ ಎಂದು. ಮೂರು ಸಲ ತಿದ್ದಿದೆ. ಕಾಗುಣಿತದ ತಪ್ಪೊಂದೂ ಇರದಂತೆ ನೋಡಿಕೊಂಡೆ.

ಎರಡು ವಾರ ಕಳೆದು ಅಫಜಲಪುರಕ್ಕೆ ಹೊರಟೆ. ಗಾಡಿ ದಾರಿಯಲ್ಲಿ ನಾಲ್ಕು ಕಡೆ ನಿಂತಿತು. ಮಾವ ಬಾಗಿಲಲ್ಲೇ ನಿಂತಿದ್ದರು.

"ಏನೋ ಅದು, ಕೆಮ್ಮಕೋತ ಬಂದ್ಯಲ್ಲ?"

"ಆಳಂದದ ಉಸ್ತಾದ ಕಾರ್ಬುರೇಟರ್ ಹೊಡ್ಕೊಂಡಾನ ಮಾವಾ. ಬ್ಯಾರೇದು ಹಾಕ್ಯಾನ."

ಮಾವ ಬಗ್ಗಿ ನೋಡಿದರು. "ಇದನ್ನಾ? ಇದು ನಾನೇ ಸೊಲ್ಲಾಪುರದಿಂದ ತಂದು ಹಾಕ್ಸಿದ್ದೋ ಹುಚ್ಚಾ. ಹಳೇದು ಸೀಳಿ ಸೋರಾಕತ್ತಿತ್ತು. ನೀ ಆಗ ಕಾಲೇಜಿನ್ಯಾಗ ಮಾತಾಡಿ ಕಪ್ಪು ತರಾಕತ್ತಿದ್ದಿ."

ಆಮೇಲೆ ಟ್ಯಾಂಕಿನ ಮುಚ್ಚಳ ತಿರುವಿದರು. ಸುಯ್ಯೆಂದು ಗಾಳಿ ಒಳಗೆ ನುಗ್ಗಿದ ಸದ್ದು ನನಗೂ ಕೇಳಿಸಿತು. ಮುಚ್ಚಳವನ್ನು ಅಂಗಾತ ಮಾಡಿ, ಒಳಗಿನ ಕಪ್ಪು ರಬ್ಬರನ್ನು ಉಗುರಿನಿಂದ ಎಬ್ಬಿಸಿದರು.

"ಇದ್ಯಾರ್ ಕತ್ತರಿಸಿದ್ದು?"

"ನಾನು."

"ನಡುವ ತೂತ ಎಲ್ಲದ?" ಮುಚ್ಚಳದ ಮೇಲಿನ ಸಣ್ಣ ರಂಧ್ರವನ್ನು ತೋರಿಸಿದರು. "ಇಲ್ಲಿಂದ ಗಾಳಿ ಒಳಗ ಹೋದ್ರ ಪೆಟ್ರೋಲ್ ಕೆಳಗ ಇಳೀತದ. ನೀ ಅದರ ಉಸುರು ಕಟ್ಟಿ, ಓಡು ಓಡು ಅಂತಿ. ಹ್ಯಾಂಗ ಓಡ್ತದ? ಮುಚ್ಚಳಾ ತೆಗದಾಗೊಮ್ಮಿ ಉಸುರಾಡ್ತದ, ಮುಂದ ಹೋಗ್ತದ."

ಉಸ್ತಾದ ಕೇಳಿದ್ದು ಇದನ್ನೇ. ಗ್ಯಾರೇಜಿಗೆ ಹೋದಾಗಲೆಲ್ಲ ಪೆಟ್ರೋಲ್ ತೋರಿಸಲು ಮುಚ್ಚಳ ತೆಗೆದವನು ನಾನೇ. ಅವರು ಬಗ್ಗಿ ಟ್ಯಾಂಕಿನೊಳಗೆ ನೋಡುವಾಗ ಅದು ನನ್ನ ಮುಷ್ಟಿಯಲ್ಲಿರುತ್ತಿತ್ತು. ಕೇಳಿದಾಗಲೂ ಕೊಡಲಿಲ್ಲ.

ಮಾವ ಆ ರಬ್ಬರನ್ನು ನನ್ನ ಕೈಗೆ ಹಾಕಿ, ಬೇರೆ ವಾಷರ್ ಕತ್ತರಿಸಿ ಕೂರಿಸಿಕೊಟ್ಟರು. ಅಫಜಲಪುರದಿಂದ ಆಳಂದದವರೆಗೆ ಗಾಡಿ ಒಂದು ಹೊಡೆತವನ್ನೂ ತಪ್ಪಿಸಲಿಲ್ಲ. ಅಷ್ಟು ಚೆನ್ನಾಗಿ ಅದು ಓಡಿದ್ದು ನನಗೆ ಸಹಿಸಲಾಗಲಿಲ್ಲ.

ಗ್ಯಾರೇಜಿನ ಮುಂದೆ ಸಾಲಾಗಿ ನಿಂತಿರುತ್ತಿದ್ದ ಹಳೆಯ ಬೈಕುಗಳ ಜಾಗ ಖಾಲಿಯಾಗಿತ್ತು. ಮಳೆನೀರು ನಿಂತಿತ್ತು. ನಾನು ಆ ವಾಷರನ್ನು ಉಸ್ತಾದರ ಅಂಗೈಯಲ್ಲಿಟ್ಟೆ. ಅವರು ಅದನ್ನು ತಿರುಗಿಸಿ ನೋಡಿದರು.

"ಚಂದ ಕತ್ತರಿಸೀರಿ."

"ನನ್ನಿಂದ ತಪ್ಪಾಗಿದೆ. ತಿಳಿಯದೆ ನಾನು..."

"ಭಾಷಣ ಬ್ಯಾಡ್ರಿ. ಹಿರೋಳ್ಳಿ ಗಾಡಿ ಒಯ್ದ್ರು, ನರೋಣಾದ್ದು ಒಯ್ದ್ರು. ಬಿಚ್ಚಿಟ್ಟಿದ್ದ ಎಂಜಿನ್ ಗೋಣಿಚೀಲದಾಗ ಹಾಕ್ಕೊಂಡು ಹೋದ್ರು, ನಟ್ಟು ಎಣಿಸಿ. ನಲವತ್ತು ವರ್ಷದಾಗ ನನ್ನ ಮುಂದ ಯಾರೂ ನಟ್ಟು ಎಣಿಸಿದ್ದಿಲ್ಲ."

"ಗುಂಪಿನಲ್ಲಿ ಸತ್ಯ ಬರೆಯುತ್ತೇನೆ."

"ಬರೀರಿ." ವಾಷರನ್ನು ನನಗೆ ಹಿಂದಿರುಗಿಸಿದರು. "ನಿಮ್ ಮೆಸೇಜ್ ನನಗ ಓದಿ ಹೇಳಿದ್ದು ಯಾರ್ ಗೊತ್ತೇನ್ರಿ? ನನ್ನ ಮಗಳು. ನೀವು ಮನಿಗಿ ಬಂದು ಹೇಳಿದ್ರಂತನೇ ಆಕೀನ್ನ ಕಾಲೇಜಿಗಿ ಹಾಕೀನಿ. ಛಲೋ ಓದ್ತಾಳ." ನಟ್ಟು ಬಿಚ್ಚುವ ಪಾನಾ ಎತ್ತಿಕೊಂಡು ಬೆನ್ನು ತಿರುಗಿಸಿದರು. "ನಿಮ್ ಗಾಡಿ ಇನ್ನ ಇಲ್ಲಿ ತರಬ್ಯಾಡ್ರಿ."

ಅಂದೇ ಗುಂಪಿನಲ್ಲಿ ನನ್ನ ತಪ್ಪನ್ನು ಬರೆದೆ. ಇಬ್ಬರು ಹೆಬ್ಬೆರಳೆತ್ತಿದ ಚಿಹ್ನೆ ಹಾಕಿದರು. ಒಬ್ಬ, "ಬೆಂಕಿ ಇಲ್ಲದೆ ನಿಮಗ್ಯಾಕ ಹೊಗಿ ಕಂಡೀತ್ರಿ ಸರ" ಎಂದು ನನ್ನ ಹೊಗೆಯ ಗಾಡಿಯನ್ನೂ ಆಡಿಕೊಂಡು, ಮೊದಲ ಸುದ್ದಿಯೇ ನಿಜವೆಂದ. ಮೊದಲ ಸಂದೇಶವು ಆ ವೇಳೆಗೆ ನಾನಿಲ್ಲದ ಗುಂಪುಗಳಿಗೆ ಹೋಗಿಬಿಟ್ಟಿತ್ತು. ಕಳೆದ ವಾರ ಜೇವರ್ಗಿಯ ಚಹಾದಂಗಡಿಯಲ್ಲಿ ಅಪರಿಚಿತನೊಬ್ಬ ನನ್ನ ಬೈಕನ್ನು ಮೆಚ್ಚಿ, "ಆಳಂದಕ್ಕ ಮಾತ್ರ ಒಯ್ಯಬ್ಯಾಡ್ರಿ, ಅಲ್ಲೊಬ್ಬ ಮಾಲು ಹೊಡೀತಾನ" ಎಂದು ತನ್ನ ಫೋನು ತೋರಿಸಿದ. ನನ್ನದೇ ವಾಕ್ಯಗಳು. ತಪ್ಪಿಲ್ಲದ ಕಾಗುಣಿತ.

ಅವನಿಗೆ ಅಲ್ಲಿಯೇ ನಿಜ ಹೇಳಿದೆ. ಉಳಿದವರು ಯಾರು ಯಾರೆಂದು ನನಗೆ ತಿಳಿಯದು. ಆದ್ದರಿಂದ ಕೇಳುತ್ತಿದ್ದೇನೆ. ಆ ಸಂದೇಶ ನಿಮ್ಮ ಫೋನಿಗೆ ಬಂದಿದ್ದರೆ, ಕಳಿಸಿದವರಿಗೂ ನೀವು ಯಾರಿಗೆ ಕಳಿಸಿದಿರೋ ಅವರಿಗೂ ಅದು ಸುಳ್ಳೆಂದು ಇಂದೇ ತಿಳಿಸಿ. ಅದನ್ನು ನಂಬಿ ಆ ಗ್ಯಾರೇಜಿನಿಂದ ಗಾಡಿ ಬಿಡಿಸಿಕೊಂಡು ಬಂದವರು ನೀವಾಗಿದ್ದರೆ, ಅದನ್ನು ಮತ್ತೆ ಅಲ್ಲಿಗೇ ಒಯ್ದು ಬಿಡಿ. ನಟ್ಟು ಎಣಿಸಬೇಡಿ.